"ಅಜ್ಜಿ ಸತ್ತುಹೋಗ್ತಾರಾ?" ಅಂತ ಮಗು ಕೇಳಿದರೆ

2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್ ಶುರುವಾದಾಗ ನನ್ನ ಮಗಳಿಗೆ ಆರು ವರ್ಷ. ಒಂದು ರಾತ್ರಿ "ಅಜ್ಜಿ ಸತ್ತುಹೋಗ್ತಾರಾ?" ಅಂದಳು. ನಾನು "ಸುಮ್ನೆ ಮಲಗು" ಅಂದುಬಿಟ್ಟೆ. ಮೂರು ದಿನ ಅವಳು ಅಜ್ಜಿಯ ಕೋಣೆ ಹತ್ತಿರ ಸುಳಿಯಲಿಲ್ಲ.

ಹಾಗಾಗಿ ಹೇಳುತ್ತಿದ್ದೇನೆ. ಉತ್ತರ ಕೊಡುವ ಮೊದಲು "ನಿನಗೇನು ಗೊತ್ತು, ಹೇಳು" ಅಂತ ಕೇಳಿ. ನಮ್ಮವಳು ಟಿವಿಯಲ್ಲಿ ಕೊರೋನಾ ವೈರಸ್ ಅಂತ ತೋರಿಸುತ್ತಿದ್ದ ಆ ಕೆಂಪು ಮುಳ್ಳಿನ ಚೆಂಡಿನ ಚಿತ್ರ ನೋಡಿ, ವೈರಸ್ ಅಷ್ಟೇ ದೊಡ್ಡದು, ಕಿಟಕಿಯಿಂದ ಹಾರಿ ಬರುತ್ತದೆ ಅಂದುಕೊಂಡಿದ್ದಳು! ಕಣ್ಣಿಗೆ ಕಾಣದಷ್ಟು ಚಿಕ್ಕದು, ಕೆಮ್ಮಿದಾಗ ಮಾತಾಡಿದಾಗ ಉಸಿರಿನ ಜೊತೆ ಹರಡುತ್ತದೆ, ಅದಕ್ಕೇ ಮಾಸ್ಕ್ ಅಂತ ಹೇಳಿದ ಮೇಲೆ ಅರ್ಧ ಹೆದರಿಕೆ ಹೋಯಿತು.

ಸೋಪು ಯಾಕೆ ಅಂತ ಮಕ್ಕಳು ಕೇಳಿದರೆ, ಎಣ್ಣೆ ಹತ್ತಿದ ತಟ್ಟೆಯನ್ನು ಮೊದಲು ಬರೀ ನೀರಲ್ಲಿ, ಆಮೇಲೆ ಸೋಪು ಹಾಕಿ ಅವರ ಕೈಯಲ್ಲೇ ತೊಳೆಸಿ. ಕೊರೋನಾ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಸೋಪು ಹಚ್ಚಿದ ಬೆರಳು ಅದ್ದಿದರೆ ನೀರಿನ ಮೇಲಿನ ಕಾಳುಮೆಣಸಿನ ಪುಡಿ ದೂರ ಓಡಿಹೋಗುವ ವಿಡಿಯೋ ನೋಡೋಕೆ ಚೆಂದ, ಆದರೆ ನನಗೆ ತಟ್ಟೆಯೇ ವಾಸಿ ಅನಿಸಿತು. ಕೈ ತೊಳೆಯೋದು 20 ಸೆಕೆಂಡ್. ನಾವು ಮಗ್ಗಿ ಹೇಳಿಕೊಂಡು ಎಣಿಸುತ್ತಿದ್ದೆವು.

"ಯಾರಿಗೂ ಏನೂ ಆಗಲ್ಲ" ಅಂತ ಮಾತ್ರ ಮಾತು ಕೊಡಬೇಡಿ. "ಅಜ್ಜಿಗೆ ಹುಷಾರು ತಪ್ಪಿದರೆ ಡಾಕ್ಟರಿಗೆ ತೋರಿಸ್ತೀವಿ, ನಿನ್ನ ಜೊತೆ ಯಾರಾದರೂ ಇದ್ದೇ ಇರ್ತೀವಿ" ಅಂದರೆ ಸಾಕು.

ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ, ಹೆದರಿಕೆಗೆ ಹಾಗಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ನ್ಯೂಸ್ ಚಾನೆಲ್ ಬಂದ್ ಮಾಡಿ. ನಮ್ಮ ಮನೆಯಲ್ಲಿ ಇದಕ್ಕೆ ಜಾಸ್ತಿ ತಕರಾರು ತೆಗೆದದ್ದು ತಾತ!