ಹಳೇ ಮೈಕ್ರೋಸ್ಕೋಪಿನಲ್ಲೇ ಡೊಮೇನ್ ವಾಲ್ ಓಡಿಸಿದೆ

ಕೆರ್ ಮೈಕ್ರೋಸ್ಕೋಪ್ (ಮ್ಯಾಗ್ನೆಟ್ಟಿನ ಮೈಗೆ ಬಡಿದು ಬರುವ ಬೆಳಕಿನ ಕಂಪನದ ದಿಕ್ಕು ಕೊಂಚ ತಿರುಗುವುದನ್ನು ಹಿಡಿಯುವಂಥದ್ದು) ಇಲ್ಲದೆ ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಡೊಮೇನ್, ಅಂದರೆ ಕಾಂತತ್ವವೆಲ್ಲ ಒಂದೇ ದಿಕ್ಕಿಗಿರುವ ಪುಟ್ಟ ಜಾಗ, ನೋಡೋಕಾಗಲ್ಲ ಅಂತ ಬಲ್ಲವರೆಲ್ಲ ನಕ್ಕಿದ್ದರು. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಪೋಲರೈಸಿಂಗ್ ಮೈಕ್ರೋಸ್ಕೋಪ್. ಈಗ ಅದರಲ್ಲೇ ವಾಲ್, ಅಂದರೆ ಎರಡು ಡೊಮೇನ್ ನಡುವಿನ ಗಡಿ, ಸರಿಯುವ ವಿಡಿಯೊ ತೆಗೆಯುತ್ತೇನೆ. ವಾಲ್ ದಪ್ಪ ಸುಮಾರು 4 ನ್ಯಾನೊಮೀಟರ್, ಅದಂತೂ ಕಾಣಲ್ಲ. ಕಾಣೋದು ಅದರ ಆಚೀಚೆಯ ಕಪ್ಪು-ಬಿಳುಪು.

ದುಡ್ಡು ಕರಗಿದ್ದು ಪಾಲಿಶ್‌ನಲ್ಲಿ. ನೀರು ಹಾಕಿ ಉಜ್ಜಿದ ತುಂಡುಗಳೆಲ್ಲ ಕಸಕ್ಕೆ ಹೋದವು. ಗ್ರೇನ್‌ಗಳ (ಮ್ಯಾಗ್ನೆಟ್ಟಿನೊಳಗಿನ ಸಣ್ಣ ಹರಳುಗಳ) ಸಂದಿಯಲ್ಲಿ ನಿಯೋಡಿಮಿಯಂ ಜಾಸ್ತಿ ಇರುತ್ತದಲ್ವಾ, ಅದು ನೀರಿಗೆ ತುಕ್ಕು ಹಿಡಿಯುತ್ತದೆ. ಆಮೇಲೆ ಗ್ರೇನೇ ಕಿತ್ತು ಬಂದು ಉದ್ದಕ್ಕೂ ಗೀರು ಎಳೆಯುತ್ತದೆ. ಆಲ್ಕೋಹಾಲಿಗೆ ಬಂದ ಮೇಲೆ ಕಾಟ ತಪ್ಪಿತು. ಡೈಮಂಡ್ ಪೇಸ್ಟ್ 6, 3, 1, ಕೊನೆಗೆ ಕಾಲು ಮೈಕ್ರಾನ್. ಕಾಲು ಮೈಕ್ರಾನ್ ಆದಮೇಲೆ ಇನ್ನೊಂದು ಕೈ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮ್ಯಾಗ್ನೆಟೈಸ್ ಆಗದ ತುಂಡನ್ನೇ ಕೊಳ್ಳಿ. ಆಗಿರುವುದಕ್ಕೆ ಪುಡಿಯೆಲ್ಲ ಮೆತ್ತಿಕೊಳ್ಳುತ್ತದೆ. 312 ಡಿಗ್ರಿ ದಾಟುವಂತೆ ಕಾಯಿಸಿ ಕಾಂತತ್ವ ಇಳಿಸಬಹುದು, ಆದರೆ ಗಾಳಿಯಲ್ಲಿ ಕಾಯಿಸಿದರೆ ಮೈ ಕಪ್ಪಾಗುತ್ತದೆ.

ಅನಲೈಸರನ್ನು (ಕಣ್ಣಿನ ಕಡೆಯ ಪೋಲರೈಸಿಂಗ್ ಫಿಲ್ಟರ್) ಪೂರ್ತಿ ಕತ್ತಲಾಗುವ ಜಾಗದಿಂದ ಎರಡು-ಮೂರು ಡಿಗ್ರಿ ಆ ಕಡೆ ತಿರುಗಿಸಿ ಒಂದು ಫೋಟೊ, ಅಷ್ಟೇ ಈ ಕಡೆ ತಿರುಗಿಸಿ ಇನ್ನೊಂದು. ಒಂದರಿಂದ ಒಂದನ್ನು ಕಳೆದರೆ ಡೊಮೇನ್ ಎದ್ದು ಕಾಣುತ್ತದೆ, ಕೊಳೆ ಹೆಚ್ಚುಕಮ್ಮಿ ಮಾಯ. ಗ್ರೇನ್‌ಗಳ ಸುಲಭ ದಿಕ್ಕು (ಕಾಂತತ್ವ ತಾನಾಗಿ ಒಲಿಯುವ ದಿಕ್ಕು) ನಮ್ಮ ಕಡೆ ನೋಡುತ್ತಿದ್ದರೆ ಜಟಿಲ ಬಳ್ಳಿಯಂಥ ಚಿತ್ತಾರ, ಅಡ್ಡ ಬಿದ್ದಿದ್ದರೆ ನೆಟ್ಟಗಿನ ಪಟ್ಟೆ.

ಕೆಳಗಿನಿಂದ ಇನ್ನೊಂದು ಮ್ಯಾಗ್ನೆಟ್ ತಂದಾಗ ಚಿತ್ರವೆಲ್ಲ ಬೆಳಗಿಬಿಟ್ಟಿತು. ಗೆದ್ದೆ ಅಂದುಕೊಂಡರೆ, ಅದು ಮ್ಯಾಗ್ನೆಟ್ಟಿನ ಪ್ರಭಾವಕ್ಕೆ ಲೆನ್ಸಿನ ಗಾಜೇ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತಿದ್ದದ್ದು! ಪ್ರತಿ ಸಲ ಅನಲೈಸರ್ ಸರಿಮಾಡಬೇಕು. ಸ್ಟೇಜ್ ಕೂಡ ಹಿತ್ತಾಳೆಯದ್ದೇ ಇರಲಿ, ಕಬ್ಬಿಣದ್ದಾದರೆ ಫೋಕಸ್ ನಿಲ್ಲಲ್ಲ.

ಆಮೇಲೆ ಕಂಡದ್ದು ನಿಜವಾದ ಆಟ. ಐದಾರು ಮೈಕ್ರಾನ್ ಗ್ರೇನಿನೊಳಗೆ ಕಪ್ಪು ಪಟ್ಟೆ ಸಲೀಸಾಗಿ ಸೊರಗಿತು. ಕೆಲವು ಗ್ರೇನ್ ಪೂರ್ತಿ ಬಿಳಿಯಾದವು, ಪಕ್ಕದವು ಹಾಗೇ ಇದ್ದವು. ಮ್ಯಾಗ್ನೆಟ್ ತೆಗೆದರೆ ಮತ್ತೆ ಪಟ್ಟೆ. ಉಜ್ಜಿದ ಮೇಲ್ಮೈಯ ಗ್ರೇನಿಗೆ ಹಿಡಿತ ಕಮ್ಮಿ, ಒಳಗಿನವು ಹೀಗೆ ವರ್ತಿಸುತ್ತವೆ ಅಂತ ಇದನ್ನು ನೋಡಿ ಹೇಳಬೇಡಿ.

ಸುಮ್ನೆ ಇರಲಾರದೆ 2:17 ಸಮೇರಿಯಂ ಕೋಬಾಲ್ಟ್ (ಇನ್ನೊಂದು ಜಾತಿಯ ಮ್ಯಾಗ್ನೆಟ್) ತುಂಡನ್ನೂ ಇಟ್ಟು ನೋಡಿದೆ. ಅದೇ ಮ್ಯಾಗ್ನೆಟ್ಟಿಗೆ ವಾಲ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದರ ಗ್ರೇನಿನೊಳಗಿನ ಪುಟ್ಟ ಕೋಣೆಗಳ, ಅಂದರೆ ಸೆಲ್‌ಗಳ, ಗೋಡೆಗಳಲ್ಲಿ ವಾಲ್ ಸಿಕ್ಕಿಕೊಂಡಿರುತ್ತದೆ. ಆ ಸೆಲ್‌ಗಳು 100 ನ್ಯಾನೊಮೀಟರ್ ಆಸುಪಾಸು, ನನ್ನ ಲೆನ್ಸಿಗೆ ಸಿಗುವಂಥವಲ್ಲ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವವರನ್ನೇ ಹಿಡಿಯಬೇಕು.