ಮೂರು ವಾರವಾದರೂ ಮಾಯದ ಬಾಯಿಹುಣ್ಣು: ಏನು ಮಾಡಬೇಕು?

ಬಾಯಲ್ಲಿ ಹುಣ್ಣಾದರೆ ‘ಉಷ್ಣ ಆಗಿದೆ, ಬಿ ಕಾಂಪ್ಲೆಕ್ಸ್ ನುಂಗಿ’ ಅನ್ನುವುದು ನಮ್ಮಲ್ಲಿ ರೂಢಿ. ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಮೂರು ವಾರ ದಾಟಿಯೂ ಕೆನ್ನೆಯ ಒಳಗೆ, ಅಂಗುಳಲ್ಲಿ, ವಸಡಿನಲ್ಲಿ ಹರಡುತ್ತಲೇ ಇದ್ದರೆ ಮಾತ್ರೆ ಬದಲಿಸುತ್ತ ಕೂರಬೇಡಿ. ಅದು ಪೆಂಫಿಗಸ್ ವಲ್ಗ್ಯಾರಿಸ್ ಇರಬಹುದು.

ಬಾಯಿಯ ಒಳಪದರದ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಡೆಸ್ಮೊಗ್ಲೀನ್-3 ಎಂಬ ಪ್ರೋಟೀನಿನ ಮೇಲೆ, ಸೋಂಕಿನಿಂದ ಕಾಯಬೇಕಾದ ದೇಹದ ಪ್ರತಿಕಾಯಗಳೇ ಎರಗುವ ಕಾಯಿಲೆ ಇದು. ಅಂಟು ಬಿಟ್ಟಲ್ಲಿ ಗುಳ್ಳೆ ಏಳುತ್ತದೆ, ಊಟದ ಹೊತ್ತಿಗೆ ಒಡೆದೂ ಹೋಗುತ್ತದೆ. ವೈದ್ಯರ ಕಣ್ಣಿಗೆ ಬೀಳುವುದು ಅಂಚು ಹರಿದ ಕೆಂಪು ಹುಣ್ಣು ಮಾತ್ರ. ಪತ್ತೆ ತಡವಾಗುವುದು ಇದರಿಂದಲೇ. ಮೈಮೇಲೆ ಬೊಕ್ಕೆ ಏಳುವ ಎಷ್ಟೋ ತಿಂಗಳ ಮೊದಲೇ ಬಾಯಲ್ಲಿ ಶುರುವಾಗುವುದುಂಟು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ತಟ್ಟೆ ಲೋಟ ಬೇರೆ ಇಡುವುದು ಬೇಡ.

ಮೊದಲು ಚರ್ಮರೋಗ ತಜ್ಞರನ್ನೋ ಬಾಯಿರೋಗ ತಜ್ಞರನ್ನೋ ಕಾಣಿ. ನಂತರ ಬಯಾಪ್ಸಿ, ಅಂದರೆ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು. ಇಲ್ಲಿಯೇ ಹೆಚ್ಚು ಎಚ್ಚರ ಬೇಕು. ಹುಣ್ಣಿನ ನಡುವಿನಿಂದ ತುಣುಕು ತೆಗೆದರೆ ಅಲ್ಲಿ ಮೇಲ್ಪದರವೇ ಇರುವುದಿಲ್ಲ, ವರದಿಯಲ್ಲಿ ‘ಉರಿಯೂತ’ ಎಂದಷ್ಟೇ ಬರುತ್ತದೆ. ಒಂದು ತುಣುಕು ಹುಣ್ಣಿನ ಅಂಚಿನದಿರಬೇಕು, ಅದು ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ. ಇನ್ನೊಂದು ಪಕ್ಕದ ಚೆನ್ನಾಗಿರುವ ಜಾಗದ್ದು, ಪ್ರತಿಕಾಯ ಅಂಟಿದ ಜಾಗವನ್ನು ಹೊಳೆಯಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ. ಇದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಟ್ಟಿತು, ಅದಕ್ಕೆ ಹೊಂದುವ ಮೈಕೆಲ್ಸ್‌ನಂಥ ದ್ರಾವಣ ಬೇಕು. ‘ಎರಡು ಬಾಟಲಿ ತಾನೆ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಕೋಶಗಳ ಸುತ್ತ ಮೀನುಬಲೆಯಂತೆ ಹೊಳಪು ಕಂಡರೆ ಪೆಂಫಿಗಸ್. ಪದರದ ತಳದಲ್ಲಿ ಗೆರೆಯಂತೆ ಕಂಡರೆ ಇದೇ ಬಗೆಯ ಇನ್ನೊಂದು ಕಾಯಿಲೆ ಪೆಂಫಿಗಾಯ್ಡ್ ಇರಬಹುದು. ಅದು ಕಣ್ಣಿಗೂ ಕುತ್ತು ತರಬಲ್ಲದು, ನೇತ್ರ ತಜ್ಞರಿಗೂ ತೋರಿಸಬೇಕು.

ಚಿಕಿತ್ಸೆ ಸಾಮಾನ್ಯವಾಗಿ ಸ್ಟೀರಾಯ್ಡ್‌ನಿಂದ ಶುರು. ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಿಯೊಪ್ರಿನ್‌ನಂಥ ಔಷಧ, ಇಲ್ಲವೇ ರಿಟುಕ್ಸಿಮ್ಯಾಬ್ ಡ್ರಿಪ್. ಈ ಔಷಧಗಳಿಗೆ ಮೊದಲು ಹೆಪಟೈಟಿಸ್-ಬಿ, ಕ್ಷಯದ ಪರೀಕ್ಷೆ ಆಗಿರಬೇಕು. ಸ್ಟೀರಾಯ್ಡ್ ನಡೆಯುವಾಗ ಶುಗರ್, ಬಿಪಿ ನೋಡಿಸುತ್ತಿರಿ. ಹುಣ್ಣು ಮಾಯಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ವೈದ್ಯರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ಬಾಯಲ್ಲಿ ಬಿಳಿ ಪದರ ಕಟ್ಟಿದರೆ ಫಂಗಸ್ ಇರಬಹುದು, ತೋರಿಸಿ.

ಊಟಕ್ಕೆ ಮೆತ್ತಗಿನ ಮೊಸರನ್ನ, ಆರಿದ ರಾಗಿ ಅಂಬಲಿ, ಖಾರವಿಲ್ಲದ ಬೇಳೆಕಟ್ಟು. ನಿಪ್ಪಟ್ಟು, ಚಕ್ಕುಲಿ, ಉಪ್ಪಿನಕಾಯಿ ಸದ್ಯಕ್ಕೆ ದೂರ. ಮೆದು ಬ್ರಷ್‌ನಲ್ಲಿ ಹಲ್ಲುಜ್ಜುವುದನ್ನು ಬಿಡಬೇಡಿ, ವಸಡು ಕೊಳಕಾದಷ್ಟೂ ಹುಣ್ಣು ಹಟ ಹಿಡಿಯುತ್ತದೆ.

ನೀರು ನುಂಗಲೂ ಆಗದಿದ್ದರೆ, ಜ್ವರ ಬಂದರೆ, ಮೈಮೇಲೆ ಬೊಕ್ಕೆ ಎದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.