ಬಸುರಿಯರಿಗೆ ಫ್ಲೂ ಲಸಿಕೆ: ಪುಣೆಯ ದವಾಖಾನೆಯಲ್ಲಿ ನಾವು ಮಾಡಿದ್ದು

2021ರ ಬೇಸಿಗೆ. ಕೊರೊನಾ ಎರಡನೇ ಅಲೆ ಜೋರಾಗಿತ್ತು. ಎಲ್ಲರ ಬಾಯಲ್ಲೂ ಒಂದೇ ಲಸಿಕೆಯ ಮಾತು. ಅದರ ನಡುವೆ ಫ್ಲೂ ಲಸಿಕೆ ಯಾರಿಗೆ ನೆನಪಿರುತ್ತೆ? ನಾನು ಪುಣೆಯ ಒಂದು ಸರ್ಕಾರಿ ದವಾಖಾನೆಯಲ್ಲಿ ನರ್ಸ್, ಊರು ವಿಜಯಪುರದ ಕಡೆ. ಕಟ್ಟಡ ಕೆಲಸಕ್ಕೆ ಅಂತ ಯಾದಗಿರಿ, ಕಲಬುರಗಿಯಿಂದ ಬಂದ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬಹಳ ಬರುತ್ತಾರೆ. ಅವರಲ್ಲಿ ಬಸುರಿಯರಿಗೆ ಫ್ಲೂ ಲಸಿಕೆ ಹಾಕಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ, ಇದೇ ಕೆಲಸ ಮಾಡುವ ಸಿಸ್ಟರ್‌ಗಳಿಗೆ ಉಪಯೋಗ ಆಗಬಹುದು.

ಪುಣೆಯವರಿಗೆ ಫ್ಲೂ ಸಣ್ಣ ವಿಷಯ ಅಲ್ಲ. 2009ರ ಆಗಸ್ಟ್‌ನಲ್ಲಿ ಹಂದಿಜ್ವರಕ್ಕೆ (ಅದೂ ಒಂದು ಬಗೆಯ ಫ್ಲೂ) ದೇಶದ ಮೊದಲ ಸಾವು ಆಗಿದ್ದು ಇಲ್ಲೇ. ಆಗ ನಾಯ್ಡು ಆಸ್ಪತ್ರೆ ಮುಂದೆ ನಿಂತ ಸಾಲು ನೋಡಿದವರು ಮರೆಯುವುದಿಲ್ಲ. ಬಸುರಿಯರಿಗೆ ಈ ಜ್ವರ ಬಂದರೆ ಬೇಗ ಬಿಗಡಾಯಿಸುತ್ತದೆ, ಅದಕ್ಕೇ 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅವರಿಗೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರಿಗೆ ಉಚಿತವಾಗಿ ಲಸಿಕೆ ಕೊಡಲು ಶುರುಮಾಡಿತು. ಇನ್ನೊಂದು ಲಾಭವೂ ಇದೆ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ತಾಯಿಗೆ ಹಾಕಿದರೆ ಹುಟ್ಟುವ ಕೂಸಿಗೂ ಸ್ವಲ್ಪ ಕಾಪು ಸಿಗುತ್ತದೆ.

ಮೊದಲ ತೊಡಕು ಹೆದರಿಕೆ. "ಅಕ್ಕಾ, ಕೊರೊನಾ ಸೂಜಿ ಬ್ಯಾಡ್ರಿ, ಹೊಟ್ಟ್ಯಾಗ ಕೂಸೈತಿ" ಅಂತ ಎದ್ದು ಹೊರಡುತ್ತಿದ್ದರು. ಅವರ ಮಾತಲ್ಲೂ ಅರ್ಥ ಇತ್ತು, ಯಾಕೆಂದರೆ ಆ ವರ್ಷ ಜುಲೈ 2ರವರೆಗೆ ಬಸುರಿಯರಿಗೆ ಕೊರೊನಾ ಲಸಿಕೆಗೆ ಒಪ್ಪಿಗೆಯೇ ಸಿಕ್ಕಿರಲಿಲ್ಲ. ಮರಾಠಿಯಲ್ಲಿ ಎಷ್ಟು ಹೇಳಿದರೂ ತಲೆಯಾಡಿಸಿ ಸುಮ್ನೆ ಹೋಗುವವರು ಕನ್ನಡದಲ್ಲಿ ಮಾತಾಡಿಸಿದರೆ ಕೂತು ಕೇಳುತ್ತಿದ್ದರು. "ಇದು ಕೊರೊನಾದ್ದಲ್ಲವ್ವಾ, ಮಳಿಗಾಲದ ಜ್ವರದ್ದು, ಬಸುರಿಯರಿಗೂ ಹಾಕೂದು" ಅಂತ ಹೇಳುತ್ತಿದ್ದೆ. ಆಮೇಲೂ "ಅತ್ತಿ ಕೇಳಬೇಕ್ರಿ" ಅಂದರೆ ಅಲ್ಲೇ ಫೋನ್ ಮಾಡಿಸಿ ಅತ್ತೆಯ ಹತ್ತಿರ ನಾನೇ ಮಾತಾಡುತ್ತಿದ್ದೆ. ಮನೆಯಲ್ಲಿ ನಡೆಯುವುದು ಅತ್ತೆಯ ಮಾತು, ಅವರನ್ನು ಬಿಟ್ಟು ಸೊಸೆಯನ್ನು ಒಪ್ಪಿಸಿ ಪ್ರಯೋಜನ ಇಲ್ಲ.

ಎರಡನೆಯ ತೊಡಕು ಯಾರೂ ಬಾಯಿಬಿಟ್ಟು ಹೇಳದ್ದು. ಸೂಜಿ ಚುಚ್ಚಬೇಕಾದದ್ದು ತೋಳಿನ ಮೇಲ್ಭಾಗಕ್ಕೆ. ಈ ಹೆಣ್ಣುಮಕ್ಕಳ ಕುಬಸದ ತೋಳು ಮೊಣಕೈತನಕ ಇರುತ್ತದೆ, ಬಿಗಿಯಾಗಿ ಹೊಲಿದದ್ದು, ಮೇಲಕ್ಕೆ ಸರಿಯುವುದೇ ಇಲ್ಲ. ಎರಡು ಗುಂಡಿ ಬಿಚ್ಚಿ ಭುಜದಿಂದ ಕೆಳಗಿಳಿಸಬೇಕು. ಎದುರಿಗೆ ಕೊರೊನಾ ಲಸಿಕೆಗೆ ಬಂದ ಗಂಡಸರ ಸಾಲು! "ನಾಳಿ ಬರ್ತೀನ್ರಿ" ಅಂತ ಹೋದವರಲ್ಲಿ ಎಷ್ಟೋ ಜನ ಸೂಜಿಗೆ ಹೆದರಿದವರಲ್ಲ, ಇದಕ್ಕೆ ನಾಚಿದವರು. ಮೂಲೆಯಲ್ಲಿ ಹಗ್ಗ ಕಟ್ಟಿ ಹಳೇ ಬೆಡ್‌ಶೀಟ್ ಇಳಿಬಿಟ್ಟೆವು, ಒಳಗೆ ಒಂದು ಸ್ಟೂಲ್. ಅಷ್ಟೇ. ವಾಪಸ್ ಹೋಗುವವರು ಕಡಿಮೆಯಾದರು. ಲಸಿಕೆ ಕೇಂದ್ರ ತೆರೆಯುವವರು ಎಲ್ಲಕ್ಕಿಂತ ಮೊದಲು ಪರದೆ ಕಟ್ಟಿ ಅನ್ನುತ್ತೇನೆ ನಾನು.

ಸಾಲಿನ ವಿಷಯಕ್ಕೆ ಬಂದರೆ, ಬೆಳಗಿನ ಮೊದಲ ಹೊತ್ತನ್ನು ಬಸುರಿಯರಿಗೇ ಇಟ್ಟೆವು. ಜ್ವರ, ಕೆಮ್ಮು ಇದ್ದವರನ್ನು ಗೇಟಿನಲ್ಲೇ ಬೇರೆ ಕಡೆ ಕಳಿಸುತ್ತಿದ್ದೆವು. ಫ್ಲೂ ತಪ್ಪಿಸಿಕೊಳ್ಳಲು ಬಂದವಳು ಕೊರೊನಾ ಅಂಟಿಸಿಕೊಂಡು ಹೋದರೆ ಏನು ಬಂತು, ಅಲ್ವಾ? ಸೂಜಿ ಆದಮೇಲೆ ಅರ್ಧ ಗಂಟೆ ಕೂರಿಸುವುದು ಕೂಡ ಹೊರಗೆ, ಮರದ ಕೆಳಗೆ.

ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ. ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಲಸಿಕೆ ಇಡುವ ಡಬ್ಬಿಗೆ ಹಾಕಬಾರದು. ಸ್ವಲ್ಪ ಹೊತ್ತು ಹೊರಗಿಟ್ಟು ಕಿವಿ ಹತ್ತಿರ ಅಲ್ಲಾಡಿಸಬೇಕು, ಒಳಗೆ ನೀರಿನ ಸದ್ದು ಕೇಳಿದರೆ ಸರಿ. ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಜುಲೈನಲ್ಲಿ ಕೊರೊನಾ ಲಸಿಕೆಯೂ ಬಸುರಿಯರಿಗೆ ಸಿಗತೊಡಗಿದಾಗ ಇನ್ನೊಂದು ಗೊಂದಲ. ಆಗಿನ ನಿಯಮದಂತೆ ಎರಡರ ನಡುವೆ ಕನಿಷ್ಠ 14 ದಿನ ಬಿಡಬೇಕಿತ್ತು. ಯಾವ ಸೂಜಿ ಯಾವತ್ತು ಅಂತ ಕೇಳಿದರೆ ಅವರಿಗೆ ನೆನಪಿರಲ್ಲ, ಅದೂ ಸಹಜವೇ. ಅದಕ್ಕೆ ತಾಯಿ ಕಾರ್ಡಿನ ಮೇಲ್ಗಡೆ ಕನ್ನಡದಲ್ಲೂ ಮರಾಠಿಯಲ್ಲೂ ದಪ್ಪ ಅಕ್ಷರದಲ್ಲಿ 'ಫ್ಲೂ' ಅಂತ ಬರೆದು ತಾರೀಖು ಹಾಕುತ್ತಿದ್ದೆ. ಹೆರಿಗೆಗೆ ಊರಿಗೆ ಹೋದರೆ ಅಲ್ಲಿಯ ಸಿಸ್ಟರ್‌ಗೂ ಓದಲು ಬರಬೇಕಲ್ಲ.

ಸಕ್ಕರೆ ಕಾಯಿಲೆಯವರದ್ದು ಸುಲಭ. ತಿಂಗಳ ಮಾತ್ರೆಗೆ ಬಂದಾಗಲೇ ಹಾಕಿಬಿಡುತ್ತಿದ್ದೆವು, ಬೇರೆ ದಿನ ಕರೆಯುತ್ತಿರಲಿಲ್ಲ.

ಕಳಿಸುವಾಗ ಎಲ್ಲರಿಗೂ ಹೇಳುತ್ತಿದ್ದದ್ದು: ತೋಳು ಒಂದೆರಡು ದಿನ ನೋಯಬಹುದು, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಬನ್ನಿ. ಲಸಿಕೆ ಕೆಲಸ ಮಾಡಲು ಸುಮಾರು ಎರಡು ವಾರ ಬೇಕು, ಅಲ್ಲಿತನಕ ಹುಷಾರು. ವೈರಸ್ ಬದಲಾಗುತ್ತಾ ಇರುತ್ತದೆ, ಹಾಗಾಗಿ ಮುಂದಿನ ವರ್ಷ ಮಳೆ ಶುರುವಾಗುವ ಮುಂಚೆ ಮತ್ತೆ ಹಾಕಿಸಿಕೊಳ್ಳಬೇಕು.